ಕಾಣದ ರಾಜ್ಯದ ಬಾಗಿಲು

"ಕೇಳಿರಪ್ಪಾ ಕೇಳಿ! ಮಣಿಗಿರಿಯ ಅರಸ ರಣಕೇಸರಿಯ ಅಪ್ಪಣೆ! ಪ್ರಭುಗಳು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ ಕೋಟೆಯ ಬಾಗಿಲಿಗೆ. ತಾವಾಗಿ ಯಾರೂ ಬಾರದಿದ್ದರೆ ಕೇರಿಗೊಬ್ಬರನ್ನು ಎಳೆದು ತರಲಾಗುವುದು!"

ಈ ಡಂಗುರದ ಹಿಂದೆ ಒಬ್ಬ ಮುದುಕಿಯ ಸಾವಿತ್ತು. ಸುಣ್ಣಗಾರರ ಕೇರಿಯ ಜಪಮಾಲೆಯಮ್ಮ ಕ್ರೈಸ್ತಳು. ಸಂಜೆ ಹೊತ್ತು ನಾಲ್ಕು ಜನರನ್ನು ಕೂರಿಸಿಕೊಂಡು, "ತಂದೆಯೇ, ನಿನ್ನ ರಾಜ್ಯ ಬರಲಿ" ಎಂದು ಪ್ರಾರ್ಥಿಸುತ್ತಿದ್ದಳು. ಯಾರೋ ಅದನ್ನು ಅರಸನ ಕಿವಿಗೆ ಹಾಕಿದರು. "ನಾನಿರುವಾಗ ಇನ್ಯಾರ ರಾಜ್ಯ ಬರಬೇಕು?" ಎಂದು ಅವನು ಅವಳನ್ನು ಸೆರೆಗೆ ಹಾಕಿ, ಬೆರಳಿನ ಉಗುರುಗಳನ್ನು ಕೀಳಿಸಿದ. ಅವಳು ಆ ರಾಜ್ಯದ ಗುರುತನ್ನು ಮೂರು ಮಾತಿನಲ್ಲಿ ಹೇಳಿದಳು. ಅವುಗಳ ಅರ್ಥವನ್ನು ಅವನೊಬ್ಬನ ಕಿವಿಯಲ್ಲೇ ಹೇಳಿ ಪ್ರಾಣ ಬಿಟ್ಟಳು.

ಅಂದಿನಿಂದ ಅರಸನಿಗೆ ಅನ್ನ ಸೇರಲಿಲ್ಲ. ಆ ರಾಜ್ಯ ಮುದುಕಿಯೊಂದಿಗೇ ಸತ್ತಿತು, ಅದನ್ನು ಬಲ್ಲವರು ಇನ್ಯಾರೂ ಉಳಿದಿಲ್ಲ ಎಂದು ಅವನು ಖಚಿತ ಮಾಡಿಕೊಳ್ಳಬೇಕಿತ್ತು. ಅದಕ್ಕೇ ಅವಳ ಮಾತುಗಳನ್ನು ಒಗಟು ಮಾಡಿದ.

ಮೊದಲು ಬಂದವನು ಪಾಳೆಯಗಾರನ ಮಗ ಉದಯಮಲ್ಲ. ಅರಸ ಕೇಳಿದ: "ಒಂದು ರಾಜ್ಯ ಆಗಲೇ ನನ್ನ ಕೋಟೆಯೊಳಗೆ ಬಂದಿದೆಯಂತೆ. ಯಾರೂ ಬಾಗಿಲು ತೆರೆಯಲಿಲ್ಲ, ಗೋಡೆ ಹತ್ತಲಿಲ್ಲ. ಇಗೋ ಇಲ್ಲಿದೆ ಎಂದು ತೋರಿಸಲೂ ಆಗದು. ಎಲ್ಲಿದೆ ಅದು?"

"ಸುರಂಗದಲ್ಲಿ, ಪ್ರಭು. ನೆಲ ಅಗೆಸಿ ನೋಡಿ."

"ಅಗೆಸುತ್ತೇನೆ, ನಿನ್ನನ್ನು ಹೂಳುವುದಕ್ಕೆ" ಎಂದ ಅರಸ. ತಲೆ ಕಡಿಯುವ ಕೆಲಸದ ಭೈರ ಕತ್ತಿ ಬೀಸಿದ. ಜೊತೆಗೆ ಬಂದಿದ್ದ ಗೆಳೆಯರ ಮುಖಕ್ಕೆ ನೆತ್ತರು ಚಿಮ್ಮಿತು.

ಆಮೇಲೆ ತ್ರಿಲೋಚನ ಪಂಡಿತರು ಬಂದರು. ಚಿಕ್ಕಂದಿನಲ್ಲಿ ಅರಸನಿಗೆ ಅಕ್ಷರ ಕಲಿಸಿದವರು. "ಅದು ಮನುಷ್ಯರ ಒಳಗಿದೆ" ಎಂದು ಅವರು ಹೇಳಿದಾಗ ಅರಸ ಬೆಚ್ಚಿದ. ಎರಡನೆಯದನ್ನು ಕೇಳಿದ: "ಆ ರಾಜ್ಯದ ಬಾಗಿಲನ್ನು ಬೇರೆಯವರಿಗೆ ತೆರೆದರೆ ನಮಗೂ ತೆರೆಯುತ್ತದೆ. ಬೇರೆಯವರಿಗೆ ಮುಚ್ಚಿದರೆ ನಮಗೂ ಮುಚ್ಚುತ್ತದೆ. ಅದರ ಕೀಲಿ ಯಾವುದು?"

"ವಿದ್ಯೆ" ಎಂದರು ಪಂಡಿತರು. ಅರಸನ ಮುಖ ಅರಳಿತು. ಪಂಡಿತರು ಕಾಲಿಗೆ ಬಿದ್ದರು. "ನಿನ್ನ ಕೈ ಹಿಡಿದು ತಿದ್ದಿಸಿದವನು ನಾನಪ್ಪಾ!"

"ಹೌದಲ್ಲವೇ! ಭೈರಾ, ಗುರುದಕ್ಷಿಣೆ ಕೊಡಬೇಕು. ಒಂದೇ ಏಟಿಗೆ ಮುಗಿಸು."

ಆಮೇಲೆ ಯಾರೂ ತಾವಾಗಿ ಬರಲಿಲ್ಲ. ಭಟರು ಸುಣ್ಣಗಾರರ ಕೇರಿಗೆ ನುಗ್ಗಿ, ಮಗುವಿಗೆ ಹಾಲೂಡುತ್ತಿದ್ದ ರೋಜಮ್ಮನ ಜುಟ್ಟು ಹಿಡಿದು ಎಳೆದರು. ಜಪಮಾಲೆಯಮ್ಮನ ಮೊಮ್ಮಗ ಇನ್ನಾಸ ಸುಣ್ಣ ಸುಡುವ ಗೂಡಿಗೆ ಸೌದೆ ಒಟ್ಟುತ್ತಿದ್ದವನು ಓಡಿ ಬಂದ. "ರೋಜಕ್ಕನನ್ನು ಬಿಡಿ. ನಾನು ಬರುತ್ತೇನೆ."

"ಸಾಯುವುದಕ್ಕೂ ಪೈಪೋಟಿಯೇನೋ?" ಎಂದು ನಕ್ಕು ಭಟರು ಅವನನ್ನು ಕಟ್ಟಿದರು.

ತುಂಬಿದ ಸಭೆಯಲ್ಲಿ ಅರಸ ಮೊದಲ ಒಗಟು ಕೇಳಿದ. ಇನ್ನಾಸ ಕಟ್ಟಿದ ಕೈಗಳನ್ನೇ ಜೋಡಿಸಿದ.

"ಅದು ಗಡಿ ಹಾಕಿದ ನೆಲವಲ್ಲ, ಪ್ರಭು. ದೇವರ ಚಿತ್ತ ಎಲ್ಲಿ ನಡೆಯುತ್ತದೋ ಅಲ್ಲಿ ಅವನ ಆಳ್ವಿಕೆ. ಅಜ್ಜಿ ಸೆರೆಯಲ್ಲಿದ್ದಾಗ ನಿಮ್ಮ ಆಳೊಬ್ಬರು ಕದ್ದು ನೀರು ಕುಡಿಸಿದರು, ಆಮೇಲೆ ಅವರೇ ಬಂದು ನನಗೆ ಹೇಳಿದರು. ನೀರು ಕುಡಿಸಿದ ಆ ಹೊತ್ತಿನಲ್ಲಿ ಆ ರಾಜ್ಯ ನಿಮ್ಮ ಕೋಟೆಯೊಳಗೇ ಇತ್ತು."

"ಯಾರವನು? ತೋರಿಸು!"

"ತೋರಿಸಲಾಗದು ಎಂದು ನೀವೇ ಹೇಳಿದಿರಲ್ಲ."

ಅರಸ ಕಾದ ಕಬ್ಬಿಣ ತರಿಸಿದ. ಬೆನ್ನು ಸುಟ್ಟಾಗ ಇನ್ನಾಸ ಕರುವಿನಂತೆ ಅರಚಿದ. ಹೆಸರನ್ನು ಮಾತ್ರ ಹೇಳಲಿಲ್ಲ.

"ಸರಿ. ಇನ್ನು ಕೀಲಿ ಯಾವುದು, ಹೇಳು."

"ಕ್ಷಮೆ. ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂದು ದಿನವೂ ಬೇಡುತ್ತೇವೆ."

"ಕಲಿಸಿದರೆ ಗಿಳಿಯೂ ಮಾತಾಡುತ್ತದೆ" ಎಂದ ಅರಸ. "ನಿನ್ನ ಅಜ್ಜಿಯ ಉಗುರು ಕಿತ್ತವನು ಈ ಭೈರನೇ. ತೆರೆ ನೋಡೋಣ ಬಾಗಿಲು."

ಇನ್ನಾಸ ಭೈರನ ದಪ್ಪ ಬೆರಳುಗಳನ್ನು ನೋಡಿದ. "ಆಗುತ್ತಿಲ್ಲ, ಪ್ರಭು. ಇವನನ್ನು ಉರಿಯುವ ಗೂಡಿಗೆ ನೂಕಬೇಕು ಅನ್ನಿಸುತ್ತಿದೆ."

"ಹಾಗಾದರೆ ಸೋತೆ!" ಅರಸ ಕೈಸನ್ನೆ ಮಾಡಿದ. ಭೈರ ಇನ್ನಾಸನ ಕತ್ತು ಬಗ್ಗಿಸಿ ಕತ್ತಿ ಎತ್ತಿದ. ನೆಲಕ್ಕೆ ಮುಖ ಮಾಡಿದ್ದ ಇನ್ನಾಸ ಬಿಕ್ಕಿ ಬಿಕ್ಕಿ ಅತ್ತ. ಅಳು ಸ್ವಲ್ಪ ನಿಂತ ಮೇಲೆ ಅಂದ: "ಭೈರಣ್ಣಾ, ಅಜ್ಜಿಗೆ ಮಾಡಿದ್ದಕ್ಕೆ ನಿನ್ನ ಮೇಲೆ ಹಗೆ ಇಟ್ಟುಕೊಳ್ಳುವುದಿಲ್ಲ. ಈಗ ಮಾಡುವುದಕ್ಕೂ ಇಟ್ಟುಕೊಳ್ಳುವುದಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ. ಇನ್ನು ಹೊಡಿ."

ಭೈರನ ಕೈ ಇಳಿಯಲಿಲ್ಲ. ಕತ್ತಿ ಜಾರಿ ಕಲ್ಲಿನ ಮೇಲೆ ಬಿತ್ತು.

ಬಾಗಿಲು ತೆರೆಯಿತು ಎಂದು ಸಭೆಯಲ್ಲಿ ಪಿಸುಮಾತು ಎದ್ದಿತು. ಅರಸ ಹಲ್ಲು ಕಚ್ಚಿ ಕೊನೆಯದನ್ನು ಕೇಳಿದ: "ಆ ರಾಜ್ಯದ ಅರಸನಿಗೆ ಸಿಂಹಾಸನ ಮಾಡಿಕೊಟ್ಟವರು ಶತ್ರುಗಳು. ಕಿರೀಟ ಇಟ್ಟಾಗ ಹಣೆಯಲ್ಲಿ ನೆತ್ತರು ಬಂತು. ಏರಿದ ದಿನವೇ ಸತ್ತ, ಆದರೂ ಗೆದ್ದ. ಆ ಸಿಂಹಾಸನ ಯಾವುದು?"

"ಶಿಲುಬೆ. ಕಿರೀಟ ಮುಳ್ಳಿನದು. ನೀವು ಕೊಂದು ಆಳುತ್ತೀರಿ, ಪ್ರಭು. ನಮ್ಮ ಯೇಸುಸ್ವಾಮಿ ಕೊಂದವರಿಗಾಗಿ ಬೇಡಿಕೊಂಡು ಸತ್ತರು, ಮೂರನೆಯ ದಿನ ಎದ್ದರು. ಸಾವನ್ನೇ ಗೆದ್ದವರ ಆಳ್ವಿಕೆಗೆ ಕೊನೆಯೆಲ್ಲಿ?"

ಮುದುಕಿ ಕಿವಿಯಲ್ಲಿ ಹೇಳಿದ್ದು ಇದನ್ನೇ. ಇಡೀ ಸಭೆ ಕೇಳಿಸಿಕೊಂಡಿತ್ತು, ಅರಸ ಮಾತು ತಪ್ಪುವಂತಿರಲಿಲ್ಲ. "ಅರ್ಧ ರಾಜ್ಯ ನಿನ್ನದು" ಎಂದ.

"ಆಳುವುದು ನನಗೆ ಬಾರದು. ಸೆರೆಯಲ್ಲಿರುವವರನ್ನು ಕೊಡಿ. ಅವರು ಉತ್ತು ಬಾಳಲು ಹೊಳೆಯಂಚಿನ ಹೊಲಗಳನ್ನು ಕೊಡಿ."

ಸೆರೆಮನೆಗಳು ತೆರೆದವು. ಬಿಸಿಲು ಕಂಡು ಎಷ್ಟೋ ಜನ ಕಣ್ಣು ಮುಚ್ಚಿಕೊಂಡರು. ನಡೆಯಲಾರದವರನ್ನು ಭೈರ ಹೆಗಲ ಮೇಲೆ ಹೊತ್ತು ತಂದ. ಹೊಳೆಯಂಚಿನಲ್ಲಿ ಊರು ಕಟ್ಟಿಕೊಳ್ಳಲು ಅವರೆಲ್ಲ ಇನ್ನಾಸನೊಂದಿಗೆ ಹೊರಟು ನಿಂತಾಗ ಅರಸ ಅವನನ್ನು ಪಕ್ಕಕ್ಕೆ ಕರೆದ.

"ನನ್ನನ್ನೂ ಕ್ಷಮಿಸಿದೆಯಾ?"

"ಕ್ಷಮಿಸಿದ್ದೇನೆ, ಪ್ರಭು. ಬೆನ್ನು ಉರಿದಾಗಲೆಲ್ಲ ಮತ್ತೆ ಕ್ಷಮಿಸಬೇಕಾಗುತ್ತದೆ."

"ಹಾಗಾದರೆ ಆ ರಾಜ್ಯದಲ್ಲಿ ನನಗೂ ಜಾಗವಿದೆಯೇ?"

"ಇದೆ. ಆದರೆ ಅರಮನೆಯ ನೆಲಮಾಳಿಗೆಯ ಒಂದು ಬೀಗ ಇನ್ನೂ ತೆಗೆದಿಲ್ಲ ಎಂದು ಸೆರೆಯಿಂದ ಬಂದವರು ಹೇಳಿದರು."

ಅಲ್ಲಿ ಅರಸನ ಒಡಹುಟ್ಟಿದ ತಮ್ಮನಿದ್ದ. ದಂಗೆಯೆದ್ದನೆಂದು ಅರಸನೇ ಅವನ ಕಣ್ಣು ಕೀಳಿಸಿ ಕೂಡಿಹಾಕಿದ್ದ. ಜನ ಕೋಟೆ ದಾಟಿ ಹೋದ ಮೇಲೆ ರಣಕೇಸರಿ ಕೀಲಿ ಹಿಡಿದು ಒಬ್ಬನೇ ಮೆಟ್ಟಿಲಿಳಿದ.

ಹೆಜ್ಜೆ ಸಪ್ಪಳಕ್ಕೆ ಒಳಗಿನಿಂದ ದನಿ ಬಂತು. "ಅಣ್ಣಾ, ನೀನೇನಾ?"

ಅರಸ ಬೀಗದ ಮೇಲೆ ಕೈಯಿಟ್ಟ. ದಂಗೆಯ ದಿನ ನೆನಪಾಯಿತು. ಆಮೇಲೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಗ ತೆರೆಯದೆಯೇ ಮೆಟ್ಟಿಲು ಹತ್ತಿ ಹೋದ.