ಕೊಳದ ಏಳಿಗೆಯ ಸಭೆ

ಹೂಳು ತುಂಬಿ ಬತ್ತುತ್ತಿದ್ದ ಕೊಳದ ಏಳಿಗೆಗಾಗಿ ಮಂಗಗಳು ಅತ್ತಿಮರದ ತುದಿಯಲ್ಲಿ ಸಭೆ ಸೇರಿ, ಕೊಳದವರಿಗೆಂದು ಹಣ್ಣು ಉದುರಿಸುತ್ತಿದ್ದವು.

ಒಮ್ಮೆ ಆಮೆ ಕತ್ತೆತ್ತಿ, “ಸ್ವಾಮಿ, ಹಣ್ಣಿಗೆ ಋಣಿ. ಆದರೆ ನಮಗೆ ಬೇಕಾದದ್ದು ನೀರು. ನಮ್ಮ ಮಾತನ್ನೂ ಕೇಳಿ” ಎಂದಿತು.

“ಸಭೆಗೆ ಬರಬೇಡವೆಂದವರು ಯಾರು? ಹತ್ತಿ ಬಾ” ಎಂದಿತು ಹಿರಿಯ ಮಂಗ.

ಆಮೆ ನಾಚಿಕೆಯಿಂದ ಕತ್ತು ಒಳಗೆಳೆದುಕೊಂಡಿತು. ಆದರೆ ಸುಮ್ಮನಿರಲಿಲ್ಲ. ಕಪ್ಪೆ, ಏಡಿ, ಕಾಡುಹಂದಿಗಳನ್ನು ದಡದಲ್ಲೇ ಕೂಡಿಸಿತು. ಎಲ್ಲವೂ ಸೇರಿ ಹೂಳೆತ್ತಿದವು. ಮುಚ್ಚಿಹೋಗಿದ್ದ ಒರತೆ ತೆರೆದುಕೊಂಡಿತು.

ಬಿರುಬೇಸಿಗೆಯಲ್ಲಿ ಬಾಯಾರಿದ ಮಂಗಗಳು ಕೆಳಗಿಳಿದು ಬಂದಾಗ, ನೀರು ಹಂಚಿಕೊಳ್ಳುವ ಬಗ್ಗೆ ದಡದಲ್ಲಿ ಮಾತು ನಡೆದಿತ್ತು.

ಹಿರಿಯ ಮಂಗ ಸುತ್ತಲೂ ನೋಡಿ ಕೇಳಿತು: “ಇಲ್ಲಿ ನನ್ನ ಪೀಠ ಯಾವುದು?”

“ನೆಲವೇ, ಸ್ವಾಮಿ” ಎಂದ ಆಮೆ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಿತು.