ಬೋಳುಬಂಡೆಯ ನಿವೇಶನ

ಬೂದಿಗುಡ್ಡದ ಪಾಳೆಗಾರ ಸರ್ಜಪ್ಪ ನಾಯಕ ಒಂದು ಬೆಳಗ್ಗೆ ಕೋಣೆಯ ಬಾಗಿಲು ಹಾಕಿಸಿ, ಆಸ್ಥಾನದ ಜಾಣ ಸಂಕಣ್ಣನ ಕೈ ಹಿಡಿದುಕೊಂಡ.

“ನಮ್ಮ ಮನೆಯಾಕೆ ನಾಗತಿಯ ಸೊಂಟದ ಚಿನ್ನದ ಡಾಬು ವಾಪಸ್ಸು ಬರಬೇಕು ಕಣೋ. ನಾನು ಬಾಯಿಬಿಟ್ಟು ಕೇಳೋ ಹಾಗಿಲ್ಲ, ಅವಳಿಗೆ ಗೊತ್ತಾಗೋ ಹಾಗಿಲ್ಲ. ತರದಿದ್ದರೆ ನಿನ್ನ ತಲೆ ಉಳಿಯೋಲ್ಲ.”

“ನಾಗತಿಯವರಿಗೆ ಗೊತ್ತಾದರೆ ತಮ್ಮದು ಉಳಿಯುತ್ತದೆಯೇ ಬುದ್ಧೀ?”

ನಾಯಕ ಕತ್ತು ಸವರಿಕೊಂಡ.

ಆಗಿದ್ದೇನೆಂದರೆ, ತೋಪಯ್ಯ ಅಂತ ಒಬ್ಬ ಊರಿಗೆ ಬಂದಿದ್ದ. ಬೆರಳು ಬೆರಳಿಗೂ ಉಂಗುರ, ತನಗೆ ತಾನೇ ಇಟ್ಟುಕೊಂಡ ‘ಸಿರಿಗುರು’ ಎಂಬ ಬಿರುದು. ನೆಲ ಕೊಂಡು ನೆಲ ಮಾರಿ ಕುಬೇರರಾಗುವುದನ್ನು ಕಲಿಸುತ್ತೇನೆ ಅಂದ. ನಾಯಕ ಆಸ್ಥಾನವನ್ನೆಲ್ಲ ತರಬೇತಿಗೆ ಕೂರಿಸಿದ. “ನಾನು ಸಿರಿವಂತ! ನಾನು ಸಿರಿವಂತ!” ಅಂತ ಎದೆ ತಟ್ಟಿಸಿ ಕೂಗಿಸಿದ್ದೇ ಕೂಗಿಸಿದ್ದು. ಮುದಿ ಸೇನಾಪತಿಗೆ ಹತ್ತಿದ ಕೆಮ್ಮು ಇನ್ನೂ ಬಿಟ್ಟಿಲ್ಲ.

ಗುರುದಕ್ಷಿಣೆಗೆ ತೋಪಯ್ಯ ಊರಾಚೆಯ ಬೋಳುಬಂಡೆ ಕೇಳಿದ. ಹುಲ್ಲೂ ಹುಟ್ಟದ ಬಂಡೆ, ಹಾಳಾಗಿ ಹೋಗಲಿ ಅಂತ ನಾಯಕ ಕೊಟ್ಟ. ಮಾರನೆಯ ದಿನ ಅದರ ಮೇಲೆ ಸುಣ್ಣದ ಗೆರೆಗಳು! ಬಂಡೆ ಹೋಗಿ ನಿವೇಶನವಾಯಿತು. “ಪಕ್ಕದ ಪಾಳೆಗಾರರು ಕೊಳ್ಳುತ್ತೇವೆ ಅಂತ ಹೇಳಿ ಕಳಿಸಿದ್ದಾರೆ, ಸಂಜೆಯೊಳಗೆ ಮನಸ್ಸು ಮಾಡಿ” ಅಂತ ತೋಪಯ್ಯ ನಾಯಕನ ಕಿವಿಯಲ್ಲಿ ಊದಿದ. ಅಷ್ಟೇ ಸಾಕಾಯಿತು. ಕಟ್ಟಿಕೊಂಡವಳ ಡಾಬನ್ನು ಪೆಟ್ಟಿಗೆಯಿಂದ ಕದ್ದು ಕೊಟ್ಟು, ತಾನೇ ಕೊಟ್ಟ ಬಂಡೆಯನ್ನು ತಾನೇ ಕೊಂಡ ಪುಣ್ಯಾತ್ಮ! ಈಗ ನಾಗತಿಯ ತಮ್ಮನ ಮದುವೆ. ಬರಿ ಸೊಂಟದಲ್ಲಿ ತವರಿಗೆ ಹೋಗುವ ಹೆಂಗಸೇ ಅವಳು?

ಸಂಕಣ್ಣ ತರಬೇತಿಯಲ್ಲಿ ತೂಕಡಿಸಿದ್ದರೂ ಒಂದು ಪಾಠ ಕಿವಿಗೆ ಬಿದ್ದಿತ್ತು: ‘ಗಿರಾಕಿಯ ಮುಂದೆ ಬಾಯಿ ಮುಚ್ಚಿಕೊಂಡಿರು. ಮಿಕ್ಕಿದ್ದನ್ನು ಅವನ ಆಸೆಯೇ ಹೇಳುತ್ತದೆ.’

ಅವನು ನೇರ ನಾಗತಿಯ ಬಳಿ ಹೋಗಿ, ಮದುವೆಯ ಒಂದು ಕೆಲಸ ಕೇಳಿ ವಹಿಸಿಕೊಂಡ. ಆಮೇಲೆ ಹಗ್ಗ ಹಿಡಿದು ಬಂಡೆ ಹತ್ತಿದ. ಅಳೆದ. ಅಂಗೈ ಊರಿ ನೋಡಿದ. ಸೂರ್ಯನನ್ನು ನೋಡಿ ತಲೆದೂಗಿದ. ಮಧ್ಯಾಹ್ನ ನಾಗತಿಯೇ ಪಲ್ಲಕ್ಕಿಯಲ್ಲಿ ಬಂದು, “ಈ ಮೂಲೆಯಿಂದ ಆ ಮೂಲೆವರೆಗೂ ಬೇಕು” ಅಂತ ಕೈ ತೋರಿಸಿ ಹೋದಳು.

ತೋಪಯ್ಯ ಓಡಿ ಬಂದ. “ಏನು ಸಂಕಣ್ಣನವರೇ ವಿಶೇಷ?”

“ಅಯ್ಯೋ ಗುರುಗಳೇ, ದೊಡ್ಡವರ ಮನೆ ವಿಷಯ. ನನ್ನನ್ನು ಕೇಳಬೇಡಿ.”

“ಅರಮನೆ ಏಳುತ್ತದೆಯೇ? ನಿಧಿಯೇ?”

ಸಂಕಣ್ಣ ಹಗ್ಗ ಸುತ್ತಿಕೊಂಡು ಮನೆಗೆ ನಡೆದ.

ತೋಪಯ್ಯನಿಗೆ ತಡೆಯಲಾಗಲಿಲ್ಲ. ಅರಮನೆಗೆ ಹೋಗಿ “ಬಂಡೆ ನನಗೇ ಬೇಕು” ಅಂದ. ನಾಯಕ ಎಲ್ಲಿ ಬಾಯಿಬಿಟ್ಟಾನೋ ಅಂತ ಸಂಕಣ್ಣ ಮೊದಲೇ ಅವನ ಬಾಯ್ತುಂಬ ಎಲೆಯಡಿಕೆ ತುರುಕಿದ್ದ.

“ಡಾಬು ವಾಪಸ್ಸು ಕೊಡ್ತೀನಿ ಬುದ್ಧೀ!”

“ಊಂಹೂಂ.”

“ಈ ಉಂಗುರವೂ ತಮ್ಮದೇ!”

“ಊಂಹೂಂ.”

ಒಂದೊಂದೇ ಉಂಗುರ ಕಳಚಿ, ತೋಪಯ್ಯನ ಬೆರಳೆಲ್ಲ ಬೋಳುಬಂಡೆಯಾದ ಮೇಲೆ ನಾಯಕ “ಹೂಂ” ಅಂದ. ಅಂದು ರಾತ್ರಿಯೇ ಡಾಬು ಗುಟ್ಟಾಗಿ ನಾಗತಿಯ ಪೆಟ್ಟಿಗೆ ಸೇರಿತು.

ಮರುದಿನ ತೋಪಯ್ಯ ಬಂಡೆ ಹತ್ತಿ ನೋಡುತ್ತಾನೆ, ಊರಿನ ಹೆಂಗಸರೆಲ್ಲ ಅಲ್ಲೇ! ಸುಣ್ಣದ ಗೆರೆ ಕಾಣದ ಹಾಗೆ ಪಂಚೆ ಹಾಸಿ ಹಪ್ಪಳ ಹರವುತ್ತಿದ್ದಾರೆ, ಸಂಡಿಗೆ ಇಡುತ್ತಿದ್ದಾರೆ.

“ಏನ್ರೀ ಇದು?”

“ನಾಗತಿಯವರ ತಮ್ಮನ ಮದುವೆಗೆ ಗುರುಗಳೇ,” ಅಂದ ಸಂಕಣ್ಣ. “ಪ್ರತಿ ಬೇಸಿಗೆ ಊರಿನ ಹಪ್ಪಳ ಒಣಗೋದು ಇಲ್ಲೇ. ಬಿಸಿಲು ಎಲ್ಲಿ ಚೆನ್ನಾಗಿ ಬೀಳುತ್ತೆ ಅಂತ ನೋಡ್ತಿದ್ದೆ.”

“ಮೊದಲೇ ಬೊಗಳೋಕೆ ಏನಾಗಿತ್ತು?”

“ಗಿರಾಕಿಯ ಮುಂದೆ ಬಾಯಿ ಮುಚ್ಚಿಕೊಂಡಿರು ಅಂತ ಕಲಿಸಿದವರು ಯಾರು?” ಸಂಕಣ್ಣ ಅವನ ಕೈಗೊಂದು ಉದ್ದನೆಯ ಕೋಲು ಕೊಟ್ಟ. “ಹೇಗೂ ಜಾಗದ ಯಜಮಾನರು ಬಂದಿದ್ದೀರಿ. ಸ್ವಲ್ಪ ಕಾಗೆ ಓಡಿಸಿ.”

ಸುದ್ದಿ ಕೇಳಿ ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಉಂಗುರಗಳನ್ನೆಲ್ಲ ಸಂಕಣ್ಣನ ಮಡಿಲಿಗೆ ಸುರಿದ. ಅಷ್ಟರಲ್ಲಿ ನಾಗತಿ ಡಾಬು ಕಟ್ಟಿಕೊಂಡು ಬಂದು ಎದುರಿಗೆ ನಿಂತಳು.

“ಪೆಟ್ಟಿಗೆಯೆಲ್ಲ ಜಾಲಾಡಿದಾಗ ಇರಲಿಲ್ಲ. ಈಗ ಎಲ್ಲಿಂದ ಬಂತು ಇದು?”

ನಾಯಕ ಸಂಕಣ್ಣನ ಮುಖ ನೋಡಿದ. ಸಂಕಣ್ಣ ಎಲೆಯಡಿಕೆ ತಟ್ಟೆಯನ್ನು ಮೆಲ್ಲಗೆ ಅವನ ಕಡೆ ಸರಿಸಿದ.