ನೂರು ಆಗೋ ತನಕ ಬೀಗಿತಿಗೆ ಒಬ್ಬಟ್ಟು

ನೀವು ಹೂಂಗುಟ್ಟುತ್ತಿದ್ದರೆ ನಾನು ಹೇಳುತ್ತೇನೆ, ತೂಕಡಿಸಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಒಂದೂರಲ್ಲಿ ಜವರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಕೆಂಪಾಜಿ. ಇಪ್ಪತ್ತನಾಲ್ಕು ವರ್ಷದವನು, ಆರಡಿ ಆಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತಾಯಿಯ ಗೋಳು. ಜಗಲಿ ಮೇಲೆ ಕೂತಿರು ಅಂದು ಸಂತೆಗೆ ಹೋದರೆ ಸಂಜೆಯವರೆಗೂ ಕೂತಿರುತ್ತಿದ್ದ, ಮಳೆ ಬಂದರೆ ನೆನೆದುಕೊಂಡು ಕೂತಿರುತ್ತಿದ್ದ.

ಮಗಳು ಚಂದ್ರಿ ಹೆರಿಗೆಗೆ ತವರಿಗೆ ಬಂದಳು, ಹೆಣ್ಣುಮಗು ಹೆತ್ತಳು. ಬಾಣಂತಿಗೆ ದಿನಾ ಎರಡು ಹಂಡೆ ಸುಡುಸುಡು ನೀರು ಬೇಕಲ್ಲ. ಅಳಿಯ ಪೇಟೆಯಲ್ಲಿ ಸೋಲಾರ್ ಕೂರಿಸುವ ಕೆಲಸದವನು. ಅತ್ತೆಗೆ ಸೌದೆ ಹೊಗೆ ಯಾಕೆ ಅಂತ ಮಾಳಿಗೆ ಮೇಲೆ ಸೋಲಾರ್ ಹಲಗೆ ಕೂರಿಸಿದ, ನಡುಮನೆಯಲ್ಲಿ ಬ್ಯಾಟರಿ ನಿಲ್ಲಿಸಿದ, ಬಚ್ಚಲ ಹಿಂದೆ ಹೀಟ್ ಪಂಪು ಇಟ್ಟ. ಅದು ಗಾಳಿಯ ಕಾವು ಹೀರಿ ನೀರು ಕಾಯಿಸುವ ಯಂತ್ರ. ಹಗಲಿನ ಬಿಸಿಲಲ್ಲಿ ಮೊದಲು ಬ್ಯಾಟರಿ ತುಂಬಲಿ, ಮಿಕ್ಕಿದ್ದರಲ್ಲಿ ನೀರು ಕಾಯಲಿ, ಸಂಜೆ ಬ್ಯಾಟರಿಯಿಂದ ದೀಪ ಹತ್ತಲಿ, ಹೀಗೆ ತೂಗಿಸಿಕೊಂಡು ಹೋದರೆ ಕರೆಂಟ್ ಬಿಲ್ಲಿನ ಚಿಂತೆಯಿಲ್ಲ ಅಂತ ಹೇಳಿ ಹೋದ.

ಅಳಿಯನ ತಾಯಿ ಮರಿತಾಯಮ್ಮನಿಗೆ ಈ ಯಂತ್ರದ ಮೇಲೆ ನಂಬಿಕೆಯಿಲ್ಲ, ಕೆಂಪಾಜಿಯ ಮೇಲಂತೂ ಮೊದಲೇ ಇಲ್ಲ. ಹೆಸರಿಡುವ ದಿನ ಬರುತ್ತೇನೆ, ಸೊಸೆಗೆ ಸರಿಯಾದ ಬಿಸಿನೀರು, ನನಗೆ ಸರಿಯಾದ ಮರ್ಯಾದೆ ಕಾಣದಿದ್ದರೆ ಅವತ್ತೇ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿಕಳಿಸಿದಳು. ಐದು ತಿಂಗಳು ಮಗಳ ಬಾಣಂತನ ಮಾಡುವ ಆಸೆಯಲ್ಲಿದ್ದ ಜವರಮ್ಮನ ಎದೆ ಧಸಕ್ ಅಂತು.

ಮಾರನೆಯ ದಿನ ಅವಳು ಗಿರಣಿಗೆ ಹೊರಟಳು. ಬಿಸಿಲು ಬಂದ ಕೂಡಲೇ ಹೀಟ್ ಪಂಪ್ ಹಾಕು ಮಗ ಅಂದಳು. ವಾಪಸು ಬಂದು ನೋಡುತ್ತಾಳೆ, ಪಂಪು ಅಂಗಳದಲ್ಲಿದೆ! ಸಂಡಿಗೆ ಹಾಕಿದ ಚಾಪೆಯ ಪಕ್ಕ ಇನ್ನೊಂದು ಚಾಪೆ ಹಾಸಿ, ಪೈಪು ಕಿತ್ತು, ಯಂತ್ರವನ್ನು ಎಳೆದು ತಂದು ಬಿಸಿಲಿಗೆ ಹಾಕಿದ್ದಾನೆ. ಮೇಲೆ ತೆಳ್ಳಗಿನ ಸೀರೆ ಬೇರೆ ಹೊದಿಸಿ, ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಾನೆ.

ಜವರಮ್ಮ ಹಣೆ ಚಚ್ಚಿಕೊಂಡಳು. "ಹಾಕು ಅಂದ್ರೆ ಗುಂಡಿ ಒತ್ತೋದು ಕಣ್ಲಾ. ಇದ್ದ ಜಾಗದಿಂದ ಕದಲಿಸಬಾರದು, ಒಂದು ಬೆರಳಲ್ಲಿ ಒತ್ತಬೇಕು ಅಷ್ಟೆ."

"ಹಂಗೇ ಆಗ್ಲಿ ಬುಡವ್ವ" ಅಂದ ಕೆಂಪಾಜಿ.

ಅಳಿಯ ಆಳು ಕಳಿಸಿ ಪೈಪು ಸೇರಿಸಿಕೊಟ್ಟ. ಆಮೇಲೊಂದು ದಿನ ಜವರಮ್ಮ ಬಾಣಂತಿ ಖಾರಕ್ಕೆ ಮೆಣಸು ತರಲು ಹೋಗುತ್ತಾ, ಎಮ್ಮೆಗೆ ಹುಲ್ಲು ಹಾಕು ಅಂದಳು. ಬಂದು ನೋಡುತ್ತಾಳೆ, ಎಮ್ಮೆ ಹಗ್ಗ ಕಿತ್ತುಹೋಗುವ ಹಾಗೆ ಜಗ್ಗುತ್ತಾ ಅರಚುತ್ತಿದೆ. ಹುಲ್ಲು ಮೆದೆಯಲ್ಲೇ ಇದೆ. ಕೆಂಪಾಜಿ ಮೆದೆಯ ಮುಂದೆ ನಿಂತು ಒಂದು ಬೆರಳಲ್ಲಿ ಒತ್ತುತ್ತಿದ್ದಾನೆ. ಬೆಳಗ್ಗೆಯಿಂದ ಒತ್ತಿ ಒತ್ತಿ ಬೆರಳು ಬಾಳೆಹಣ್ಣಿನಂತೆ ಊದಿದೆ.

ಹಸಿದವರಿಗೆ ಕೈಯಾರೆ ಎತ್ತಿ ಬಾಯಿ ಮುಂದೆ ಇಡಬೇಕು, ಮೈ ಸವರಿ ತಿನ್ನಿಸಬೇಕು ಅಂತ ಬೈದಳು. ಹಂಗೇ ಆಗ್ಲಿ ಬುಡವ್ವ ಅಂದ.

ಎರಡು ದಿನ ಮೋಡ. ಮೂರನೆಯ ದಿನ ಬಿಸಿಲು ಬಿತ್ತು. ಬ್ಯಾಟರಿ ಹೊಟ್ಟೆ ಖಾಲಿಯಾಗಿದೆ, ಮೊದಲು ಅದಕ್ಕೆ ತುಂಬಿಸು ಅಂತ ಹೇಳಿ ಜವರಮ್ಮ ಮಗುವಿಗೆ ಎಣ್ಣೆ ಹಚ್ಚಲು ಕೂತಳು. ಎದ್ದು ಬಂದು ನೋಡುತ್ತಾಳೆ, ಬ್ಯಾಟರಿಯ ಮುಂದೆ ಒಂದು ಬಕೆಟ್ ಬೂಸ, ಎರಡು ಹೊರೆ ಹುಲ್ಲು. ಕೆಂಪಾಜಿ ಅದರ ಬೆನ್ನು ಸವರುತ್ತಾ, ತಿನ್ನು ನನ್ನ ಬಂಗಾರ ಅನ್ನುತ್ತಿದ್ದಾನೆ.

"ಅದರ ಮುಖದ ಮೇಲೆ ಅಂಕಿ ಬರ್ತದಲ್ಲ, ಅದನ್ನ ನೋಡ್ಲಾ. ತುಂಬಿಸೋದು ಅಂದ್ರೆ ನೂರು ಆಗಬೇಕು. ನೂರು ಆಗೋ ತನಕ ಅದಕ್ಕೊಂದಕ್ಕೇ, ಬ್ಯಾರೆ ಯಾರಿಗೂ ಚೂರೂ ಇಲ್ಲ. ತುಂಬಿದ ಮೇಲೆ ಸಂಜೆ ಅದರಿಂದಲೇ ದೀಪ ಹತ್ತತದೆ."

ಇದನ್ನು ಕೆಂಪಾಜಿ ಮೂರು ದಿನ ಬಾಯಿಪಾಠ ಮಾಡಿದ.

ಹೆಸರಿಡುವ ದಿನ ಬಂತು, ಮರಿತಾಯಮ್ಮನೂ ಬಂದಳು. ನೇರ ಬಚ್ಚಲಿಗೆ ಹೋಗಿ ನೀರಿಗೆ ಬೆರಳದ್ದಿದಳು, ಹಾ ಅಂತ ಹಿಂದಕ್ಕೆ ತೆಗೆದಳು. ನೀರೇನೋ ಸರಿಯಾಗಿದೆ, ಇನ್ನು ಮರ್ಯಾದೆ ನೋಡೋಣ ಅಂದಳು. ಪಂಕ್ತಿ ಕೂತಿತು. ತೊಟ್ಟಿಲ ಬಳಿಯಿದ್ದ ಜವರಮ್ಮ ಅಲ್ಲಿಂದಲೇ, ಮೊದಲು ಬೀಗಿತಿಗೆ ಹೊಟ್ಟೆ ತುಂಬಿಸಪ್ಪ ಅಂದುಬಿಟ್ಟಳು.

ಕೆಂಪಾಜಿ ಒಬ್ಬಟ್ಟಿನ ಕುಕ್ಕೆ ಎತ್ತಿಕೊಂಡ. ಮರಿತಾಯಮ್ಮನ ಎಲೆಗೆ ಒಂದು, ಎರಡು, ಮೂರು. ಪಕ್ಕದವರು ಕೈ ಚಾಚಿದರೆ, ಇನ್ನೂ ನೂರು ಆಗಿಲ್ಲ ಅಂತ ದಬಾಯಿಸಿದ. ಐದು, ಆರು. ಮರಿತಾಯಮ್ಮ ಎಲೆಗೆ ಅಡ್ಡ ಕೈ ಇಟ್ಟರೆ ಬೆನ್ನು ಸವರಿ ಬಾಯಿಗೇ ಇಟ್ಟ. ಹದಿನಾಲ್ಕಕ್ಕೆ ಜವರಮ್ಮ ಓಡಿ ಬಂದು ಕುಕ್ಕೆ ಕಿತ್ತುಕೊಂಡಳು. ಬೀಗಿತಿಯನ್ನು ಇಬ್ಬರು ಹಿಡಿದೆತ್ತಿ ಕಂಬಕ್ಕೆ ಒರಗಿಸಿದರು. ಇನ್ನೆಲ್ಲಿ ಮಗಳು ನನ್ನ ಮನೆಯಲ್ಲಿ ಉಳಿಯುತ್ತಾಳೆ ಅಂತ ಜವರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ದೀಪ ಹಚ್ಚುವ ಹೊತ್ತಾಯಿತು. ಕೆಂಪಾಜಿ ಒಂದು ಬಲ್ಬು ಹಿಡಿದು ಬಂದ. ಮರಿತಾಯಮ್ಮನ ಮೊಣಕೈಗೆ ಒತ್ತಿದ, ಹತ್ತಲಿಲ್ಲ. ಮೂಗಿಗೆ ಒತ್ತಿದ, ಹತ್ತಲಿಲ್ಲ. ಯಾಕವ್ವ, ಮಧ್ಯಾಹ್ನವೇ ತುಂಬಿಸಿದ್ನಲ್ಲ ಅಂದ.

ಮರಿತಾಯಮ್ಮ ಬಲ್ಬು ನೋಡಿದಳು, ಅವನನ್ನು ನೋಡಿದಳು.

"ಹದಿನಾಲ್ಕಕ್ಕೇ ನಿಲ್ಲಿಸ್ಬುಟ್ರೆ ಹೆಂಗಪ್ಪ ಹತ್ತತದೆ?"

ಹೇಳಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಒಳಗಿಂದ ಚಂದ್ರಿಯೂ ನಕ್ಕಳು. ಸೊಸೆಯ ನಗು ಕೇಳಿ ಮರಿತಾಯಮ್ಮ ಕಣ್ಣೊರೆಸಿಕೊಂಡು, ಇಷ್ಟು ನಗು ನಮ್ಮನೆಯಲ್ಲಿಲ್ಲ ಬೀಗಿತಿ, ಐದು ತಿಂಗಳೂ ಇಲ್ಲೇ ಇರಲಿ ಬಿಡು ಅಂದಳು.

ಜವರಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಹುಟ್ಟಿದಾಗಿನಿಂದ ಮೊದಲನೇ ಸಲ ಮಗನನ್ನು ಹೊಗಳಬೇಕು ಅಂತ ತಿರುಗಿದಳು. ಅವನು ಅಲ್ಲಿರಲಿಲ್ಲ. ಅಡಿಗೆಮನೆಯಿಂದ ಕುಕ್ಕೆ ಹೊತ್ತುಕೊಂಡು ಬರುತ್ತಿದ್ದ.

"ಬಾಯಿ ತೆಗೀರಿ ಅತ್ತೆ, ಇನ್ನು ಎಂಬತ್ತಾರೇ ಬಾಕಿ."